ಆರದ ಬಲ್ಬು, ಅಮಾನತಾದ ಗಿರಾಕಿ

ಇಂದ,
ಜಿ. ವೆಂಕಟಾಚಲ,
ದಿನಪತ್ರಿಕೆಯೊಂದರ ನಿವೃತ್ತ ಮುಖ್ಯ ಉಪಸಂಪಾದಕ,
ನಾಗಸಂದ್ರ ರಸ್ತೆ, ಬಸವನಗುಡಿ, ಬೆಂಗಳೂರು.

ಗೆ,
ಶ್ರೀ ಶೀನಣ್ಣನವರು,
ಮಾಲೀಕರು, ಮುಖ್ಯ ಎಲೆಕ್ಟ್ರಿಷಿಯನ್ ಹಾಗೂ ಏಕೈಕ ಸಿಬ್ಬಂದಿ,
ಬೋರ್ಡಿಲ್ಲದ ಆಟೋ ಎಲೆಕ್ಟ್ರಿಕ್ ಅಂಗಡಿ,
ಐದನೇ ಮುಖ್ಯರಸ್ತೆ, ಚಾಮರಾಜಪೇಟೆ, ಬೆಂಗಳೂರು.

ವಿಷಯ: ನನ್ನ ಕಾರಿನ ಎಲ್‌ಇಡಿ ಬಲ್ಬುಗಳು ಆರಿದ ಮೇಲೂ ಮಂಕಾಗಿ ಬೆಳಗುತ್ತಿದ್ದುದಕ್ಕೆ ತಮ್ಮನ್ನು ಹೊಣೆ ಮಾಡಿ ಬೀದಿಯಲ್ಲಿ ಆಡಿದ ಮಾತನ್ನು ಹಿಂಪಡೆದು, ನನ್ನನ್ನು ಪುನಃ ಗಿರಾಕಿಯಾಗಿ ಸೇರಿಸಿಕೊಳ್ಳುವಂತೆ ಕೋರಿ.

ಉಲ್ಲೇಖ:
೧. ದಿನಾಂಕ ೯-೯-೨೦೨೫, ಮಂಗಳವಾರ, ಬೆಳಿಗ್ಗೆ ಹನ್ನೊಂದೂಕಾಲಿಗೆ ತಮ್ಮ ಅಂಗಡಿಯ ಮುಂದೆ ನಾನು ಮಾಡಿದ ಭಾಷಣ.
೨. ಅದೇ ದಿನ ಹನ್ನೊಂದು ಇಪ್ಪತ್ತಕ್ಕೆ ತಾವು ಹೊರಡಿಸಿದ ಮೌಖಿಕ ಆದೇಶ: “ಗಾಡಿ ತಗೊಂಡ್ ಹೋಗಿ ಸಾರ್. ಇನ್ಮೇಲೆ ಈ ಕಡೆ ಬರ್ಬೇಡಿ.”
೩. ದಿನಾಂಕ ೧೩-೧೦-೨೦೨೫, ಸೋಮವಾರ, ನಾನು ಖುದ್ದಾಗಿ ಬಂದಾಗ ತಾವು ತಲೆ ಎತ್ತದೆ ಹೇಳಿದ್ದು: “ಏನಿದ್ರೂ ಬರ್ದು ಕೊಡಿ. ನೀವು ಬರ್ಯೋ ಜನ.”

ಮಾನ್ಯರೇ,

೧. ಉಲ್ಲೇಖ ೩ರ ಆದೇಶದಂತೆ ಬರೆದು ಕೊಡುತ್ತಿದ್ದೇನೆ. ಮೂವತ್ತನಾಲ್ಕು ವರ್ಷ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿದವನು ನಾನು. ನನ್ನದೇ ತಪ್ಪನ್ನು ಪೂರ್ತಿ ಒಂದು ಬರಹವಾಗಿ ಬರೆಯುತ್ತಿರುವುದು ಇದೇ ಮೊದಲು. ಆದಕಾರಣ ಶೈಲಿಯಲ್ಲಿ ಲೋಪವಿದ್ದರೆ ಮನ್ನಿಸಬೇಕು. ಸಂಗತಿಯಲ್ಲಿ ಲೋಪವಿದ್ದರೆ ಮನ್ನಿಸಬೇಕಾಗಿಲ್ಲ.

೨. ನನ್ನ ಬೂದು ಬಣ್ಣದ ಸಣ್ಣ ಕಾರು ೨೦೦೯ರದು. ಕೊಂಡ ದಿನದಿಂದ ಅದರ ಬ್ಯಾಟರಿ, ಹಾರನ್, ವೈಪರ್ ಮತ್ತು ದೀಪಗಳನ್ನು ತಮ್ಮ ಹೊರತು ಬೇರೆ ಯಾರೂ ಮುಟ್ಟಿಲ್ಲ. ನನ್ನ ತಾಯಿ ಅಂಜಮ್ಮನವರಿಗೆ ಎಂಬತ್ತಮೂರು ವರ್ಷ. ಸಂಜೆ ದೊಡ್ಡ ಗಣಪತಿ ದೇವಸ್ಥಾನಕ್ಕೆ ಹೋಗಿ ಬರುವಾಗ ಹಿಂದಿನ ಎಡಬಾಗಿಲಿನಿಂದ ಹತ್ತಿ ಇಳಿಯುವ ಅವರಿಗೆ ಕಾಲಿಡುವ ಜಾಗ ಕಾಣುತ್ತಿರಲಿಲ್ಲ. ಹಳೆಯ ಬಲ್ಬು ಕೊಡುತ್ತಿದ್ದದ್ದು ಹರಳೆಣ್ಣೆ ದೀಪದಷ್ಟು ಬೆಳಕು. ಆದ್ದರಿಂದ ೨೯-೮-೨೦೨೫ರಂದು, ಗಣೇಶನ ಹಬ್ಬ ಕಳೆದ ಮೊದಲ ಶುಕ್ರವಾರ, ತಾವು ಚಾವಣಿಯ ಎರಡೂ ಬಲ್ಬು ತೆಗೆದು ಎಲ್‌ಇಡಿ ಹಾಕಿಕೊಟ್ಟಿರಿ. ಅಮ್ಮ ಆ ಸಂಜೆ ಒಳಗೆ ಕೂತು ನಾಲ್ಕೂ ಕಡೆ ನೋಡಿ, “ಆಪರೇಷನ್ ಥಿಯೇಟ್ರು ಇದ್ದಂಗಿದೆ ಕಣೋ. ಶೀನ ಬುದ್ಧಿವಂತ” ಎಂದರು. ಈ ಪ್ರಶಂಸೆಯನ್ನು ಆಗಲೇ ತಮಗೆ ತಲುಪಿಸದೆ ಇದ್ದದ್ದು ನನ್ನ ಮೊದಲ ಲೋಪ.

೩. ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಛತ್ರಿ ಹುಡುಕಲು ಕಾರಿನ ಶೆಡ್ಡಿಗೆ ಹೋದೆ. ನಮ್ಮ ಶೆಡ್ಡಿಗೆ ಕಿಟಕಿ ಇಲ್ಲ, ಹಗಲಲ್ಲೂ ಕತ್ತಲೆ. ಕಾರಿನ ಬಾಗಿಲು ಮುಚ್ಚಿತ್ತು, ಲಾಕ್ ಆಗಿತ್ತು, ಕೀಲಿ ನನ್ನ ಜೇಬಿನಲ್ಲಿತ್ತು. ಆದರೂ ಎರಡೂ ಬಲ್ಬು ಮಂಕಾಗಿ ಬೆಳಗುತ್ತಿದ್ದವು. ಬೆಳಕು ಕಾಣಬೇಕಾದರೆ ಕಣ್ಣು ಕಿರಿದು ಮಾಡಬೇಕು; ಒಮ್ಮೆ ಕಂಡ ಮೇಲೆ ಬೇರೆ ಏನೂ ಕಾಣುವುದಿಲ್ಲ.

ಹೆಂಡತಿ ಮಾಧವಿಯನ್ನು ಕರೆದು ತೋರಿಸಿದೆ.

“ರೀ, ಮೇಲಿರೋ ಸ್ವಿಚ್ ಆಫ್ ಮಾಡಿ, ಹೋಗತ್ತೆ” ಎಂದಳು.

ಮಾಡಿದೆ. ಹೋಯಿತು. ಆದರೆ ಆ ಸ್ವಿಚ್ಚು ಆಫ್ ಇದ್ದರೆ ಬಾಗಿಲು ತೆರೆದಾಗಲೂ ದೀಪ ಹತ್ತುವುದಿಲ್ಲ. ಅಮ್ಮನಿಗೆ ಮತ್ತೆ ಕತ್ತಲೆ. ಅಲ್ಲದೆ, ಸಮಸ್ಯೆಯನ್ನು ಮುಚ್ಚಿಡುವುದು ಪರಿಹಾರವಲ್ಲ ಎಂದೆ.

“ಹಾಗಾದ್ರೆ ನೋಡ್ಕೊಂಡು ಕೂತಿರಿ” ಎಂದಳು.

ಹತ್ತು ದಿನ ನೋಡಿಕೊಂಡು ಕೂತೆ. ಅದರ ಪಟ್ಟಿ ಲಗತ್ತಿಸಿದೆ.

೪. ಈ ನಡುವೆ ಸೆಪ್ಟೆಂಬರ್ ೩ರಂದು ತಮ್ಮ ಬಳಿ ಬಂದೆ. ತಾವು ಕೂಡಲೇ ಬಲ್ಬು ಬದಲಿಸಿದಿರಿ. ಹೊಸ ಬಲ್ಬು ಕೂಡ ಹಳೆಯದರಂತೆಯೇ ಮಂಕಾಗಿ ಬೆಳಗಿತು. ಆಗ ತಾವು ಹೇಳಿದ್ದನ್ನು ಅಂದೇ ಡೈರಿಯಲ್ಲಿ ಬರೆದಿಟ್ಟಿದ್ದೇನೆ: “ಬಲ್ಬ್ ಸರಿಗೇ ಇದೆ ಸ್ವಾಮಿ. ಎಲ್ಲೋ ಒಂಚೂರು ಕರೆಂಟ್ ಲೀಕ್ ಹೊಡೀತಿದೆ. ಹಳೇ ಬಲ್ಬಿಗೆ ಅಷ್ಟು ಕರೆಂಟ್ ಸಾಲ್ದು, ಅದ್ಕೆ ಕಾಣ್ತಿರ್ಲಿಲ್ಲ. ಈ ಎಲ್‌ಇಡಿ ಇದ್ಯಲ್ಲ, ಉಗುಳು ಹಾಕಿದ್ರೂ ಉರ್ಯುತ್ತೆ. ಗಾಡಿ ಒಂದಿನ ಬಿಟ್ಟೋಗಿ, ಒಂದೊಂದೇ ಬಿಚ್ಚಿ ನೋಡ್ತೀನಿ.”

ಇದು ಪೂರ್ತಿ ಸತ್ಯವಾಗಿತ್ತು. ಡೈರಿಯಲ್ಲಿ ಬರೆದುಕೊಂಡ ನಾನು ಅದನ್ನು ನಂಬಲಿಲ್ಲ. ಗಾಡಿ ಬಿಟ್ಟುಹೋಗಲೂ ಇಲ್ಲ.

೫. ನಂಬದಿರಲು ಕಾರಣ ನನ್ನ ವೃತ್ತಿ. ಒಂದೇ ಮೂಲದಿಂದ ಬಂದ ಸುದ್ದಿಯನ್ನು ನಾವು ಅಚ್ಚು ಹಾಕುತ್ತಿರಲಿಲ್ಲ. ಎರಡನೆಯವರು ಹೌದೆನ್ನಬೇಕು, ಮೂರನೆಯವರೂ ಹೌದೆಂದರೆ ಮುಖಪುಟ. ಅದರಂತೆ ಮೂರು ಮೂಲಗಳನ್ನು ವಿಚಾರಿಸಿದೆ. ಮೊದಲನೆಯದು, ಫೋನಿನಲ್ಲಿ ಬಂದ ಒಂದು ವಿಡಿಯೋ. ಅದರಲ್ಲಿ ಟೊಪ್ಪಿಗೆ ಹಾಕಿಕೊಂಡ ವ್ಯಕ್ತಿಯೊಬ್ಬರು “ಆಫ್ ಆದ್ಮೇಲೂ ಉರ್ಯೋ ಎಲ್‌ಇಡಿ ಡೂಪ್ಲಿಕೇಟ್” ಎಂದು ಘೋಷಿಸುತ್ತಾರೆ. ಎರಡನೆಯದು, ತಂಗಿಯ ಗಂಡ ಶ್ರೀಧರ್. “ಡೂಪ್ಲಿಕೇಟೇ ಭಾವ, ಗ್ಯಾರಂಟಿ” ಎಂದರು. ಮೂರನೆಯದು, ಪಕ್ಕದ ಮನೆಯ ದೊಡ್ಡಬೈರಪ್ಪನವರು. ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. “ಹಂಡ್ರೆಡ್ ಪರ್ಸೆಂಟ್ ಡೂಪ್ಲಿಕೇಟು” ಎಂದರು.

ಮೂರೂ ಮೂಲಗಳು ಒಂದೇ ಮಾತು ಹೇಳಿದ್ದರಿಂದ ಪ್ರಕರಣ ಸಾಬೀತಾಯಿತೆಂದು ತೀರ್ಮಾನಿಸಿದೆ. ಶ್ರೀಧರ್ ಹಾಗೂ ದೊಡ್ಡಬೈರಪ್ಪನವರಿಬ್ಬರಿಗೂ ಆ ಅಭಿಪ್ರಾಯ ಬಂದದ್ದು ಅದೇ ವಿಡಿಯೋದಿಂದ ಎಂಬುದು ಆಮೇಲೆ ತಿಳಿಯಿತು. ಆ ವಿಡಿಯೋವನ್ನು ಅವರಿಬ್ಬರಿಗೂ ಕಳಿಸಿದ್ದವನು ನಾನೇ ಎಂಬುದು ಅದಕ್ಕಿಂತಲೂ ಆಮೇಲೆ, ಮಾಧವಿ ಫೋನು ತೆಗೆದು ತೋರಿಸಿದಾಗ, ತಿಳಿಯಿತು.

೬. ಸೆಪ್ಟೆಂಬರ್ ೯ರ ಘಟನೆ ತಮಗೆ ಗೊತ್ತಿರುವುದೇ. ಆದರೂ ದಾಖಲೆಗಾಗಿ ಬರೆಯುತ್ತೇನೆ. ತಾವು ಸತೀಶ್ ಎಂಬ ಗಿರಾಕಿಯ ಕೆಂಪು ಕಾರಿನ ಬಾನೆಟ್ ಎತ್ತಿ ನಿಂತಿದ್ದಿರಿ. ಅವರೂ ಎಲ್‌ಇಡಿ ಹಾಕಿಸಲು ಬಂದಿದ್ದರು. ಎದುರಿನ ಇಡ್ಲಿ ಗಾಡಿಯಲ್ಲಿ ಲಕ್ಕಮ್ಮನವರು ಪಾತ್ರೆ ತೊಳೆಯುತ್ತಿದ್ದರು. ಇಬ್ಬರು ಆಟೋ ಚಾಲಕರು ಇಡ್ಲಿ ತಿನ್ನುತ್ತಿದ್ದರು. ನಾನು ಕಾರಿನಿಂದ ಇಳಿದು, ಬಾಗಿಲು ಕೂಡ ಹಾಕದೆ, ಹೀಗೆಂದೆ:

“ಹದಿನಾರು ವರ್ಷ ನಂಬಿದ್ದಕ್ಕೆ ಡೂಪ್ಲಿಕೇಟ್ ಬಲ್ಬ್ ಹಾಕ್ತೀರಾ ಶೀನಣ್ಣ? ಮೂರು ಕಡೆ ವಿಚಾರಿಸಿದೀನಿ!”

“ಮೂರು ಕಡೆ ವಿಚಾರಿಸೋ ಬದ್ಲು ಗಾಡೀನ ಒಂದು ಕಡೆ ಬಿಡಿ ಸ್ವಾಮಿ” ಎಂದಿರಿ.

“ಬಿಡೋದೇನೂ ಬೇಡ, ಸಾಬೀತಾಗಿದೆ” ಎಂದೆ.

ತಾವು ಕೈಯ ಗ್ರೀಸನ್ನು ನಿಧಾನವಾಗಿ ಬಟ್ಟೆಗೆ ಒರೆಸಿಕೊಂಡು ಉಲ್ಲೇಖ ೨ರ ಆದೇಶ ಹೊರಡಿಸಿದಿರಿ. ಹದಿನಾರು ವರ್ಷದಲ್ಲಿ ತಾವು ನನ್ನನ್ನು ‘ಸಾರ್’ ಎಂದು ಕರೆದದ್ದು ಅದೇ ಮೊದಲು.

ಸತೀಶ್ ಬಾನೆಟನ್ನು ಸ್ವತಃ ಇಳಿಸಿ, “ಸಾಯಂಕಾಲ ಬರ್ತೀನಿ ಅಣ್ಣ” ಎಂದು ಹೋದರು, ಬರಲಿಲ್ಲ. ಲಕ್ಕಮ್ಮನವರು ಆಟೋ ಚಾಲಕರಿಗೆ, “ಅಯ್ಯೋ ಶಿವನೇ, ಶೀನಣ್ಣನೂ ಹಂಗೇನಾ?” ಎಂದರು. ಈ ವಾಕ್ಯವನ್ನು ನಾನು ನನ್ನ ಕಿವಿಯಾರೆ ಕೇಳಿದೆ. ಆಗ ಅದು ನನಗೆ ಗೆಲುವಿನಂತೆ ಕೇಳಿಸಿತು. ಎರಡೇ ದಿನದಲ್ಲಿ ಅದು ಅಕ್ಕಿಪೇಟೆಯ ಆಟೋ ನಿಲ್ದಾಣದವರೆಗೂ ಹೋಗಿತ್ತು. ಬೋರ್ಡಿಲ್ಲದ ಅಂಗಡಿಗೆ ಮಾಲೀಕನ ಹೆಸರೇ ಬೋರ್ಡು ಎಂಬುದನ್ನು ನಾನು ಆ ಹೊತ್ತಿನಲ್ಲಿ ಗಣನೆಗೆ ತೆಗೆದುಕೊಳ್ಳಲಿಲ್ಲ.

೭. ಈಗ ನಿಜವಾದ ಕಾರಣ. ಇದು ಪತ್ತೆಯಾದದ್ದು ಅಕ್ಟೋಬರ್ ೧, ಆಯುಧಪೂಜೆಯ ದಿನ.

ಆಯುಧಪೂಜೆಗೆ ಕಾರಿನ ಬಾನೆಟ್ಟು, ಸ್ಟೇರಿಂಗು, ಚಕ್ರಗಳಿಗೆ ಎಲ್ಲರೂ ಅರಿಶಿನ ಕುಂಕುಮ ಇಡುತ್ತಾರೆ. ನನ್ನ ತಾಯಿಯವರು ಅಷ್ಟಕ್ಕೆ ನಿಲ್ಲುವವರಲ್ಲ. ಕೆಲಸ ಮಾಡುವ ಯಾವ ಭಾಗವೂ ಪೂಜೆ ತಪ್ಪಿಸಿಕೊಳ್ಳಬಾರದು ಎಂಬುದು ಅವರ ನಿಯಮ. ಕಾರಿನ ಬಾಗಿಲು ತೆರೆದರೆ ಚೌಕಟ್ಟಿನಲ್ಲಿ ಬೆರಳ ತುದಿಯಷ್ಟು ಒಂದು ಗುಂಡಿ ಕಾಣುತ್ತದೆ. ಬಾಗಿಲು ಮುಚ್ಚಿದಾಗ ಒತ್ತಿಕೊಂಡು ದೀಪ ಆರಿಸುವುದು, ತೆರೆದಾಗ ಹೊರಗೆ ಬಂದು ದೀಪ ಹತ್ತಿಸುವುದು ಅದರ ಕೆಲಸ. ತಮಗೆ ಇದನ್ನು ವಿವರಿಸುತ್ತಿರುವುದಕ್ಕೆ ಕ್ಷಮೆ ಇರಲಿ; ಅರ್ಜಿಯನ್ನು ಲಕ್ಕಮ್ಮನವರೂ ಕೇಳಿಸಿಕೊಳ್ಳಲಿದ್ದಾರೆ. ಆ ನಾಲ್ಕೂ ಗುಂಡಿಗಳಿಗೆ ಅಮ್ಮ ಹದಿನಾರು ವರ್ಷದಿಂದ ಅರಿಶಿನ ಕುಂಕುಮ ಮೆತ್ತುತ್ತ ಬಂದಿದ್ದಾರೆ. ಹಳೆಯದನ್ನು ಒರೆಸುವಂತಿಲ್ಲ, ಅದರ ಮೇಲೆಯೇ ಹೊಸದು. ಅದೂ ನೀರಿನಲ್ಲಿ ಕಲಸಿದ್ದಲ್ಲ, ನಿಂಬೆರಸದಲ್ಲಿ ಕಲಸಿದ್ದು. “ನೀರಲ್ಲಿ ಕಲಸಿದ್ರೆ ಒಣಗಿ ಉದುರೋಗತ್ತೆ, ನಿಂಬೆಹಣ್ಣಲ್ಲಾದ್ರೆ ವರ್ಷಪೂರ್ತಿ ಇರತ್ತೆ” ಎಂಬುದು ಅವರ ಅನುಭವ.

ಅಂದು ಪೂಜೆಗೆ ಮುಂಚೆ ಶೆಡ್ಡಿನೊಳಗೆ ಎಂದಿನ ಮಂಕು ಬೆಳಕಿತ್ತು. ಅಮ್ಮ ನಾಲ್ಕೂ ಗುಂಡಿಗೆ ಹಸಿಯಾಗಿ ಮೆತ್ತಿ, ಆರತಿ ಎತ್ತಿ, ನಾನು ಬಾಗಿಲು ಮುಚ್ಚಿದ ಮೇಲೆ ನೋಡುತ್ತೇನೆ, ಬೆಳಕು ಹೆಚ್ಚಾಗಿತ್ತು; ಅದರಲ್ಲಿ ಸೀಟಿನ ಮೇಲಿದ್ದ ಪತ್ರಿಕೆಯ ಎರಡು ಕಾಲಂ ಶೀರ್ಷಿಕೆ ಓದಬಹುದಾಗಿತ್ತು. ಮೂರು ದಿನದಲ್ಲಿ ಮೆತ್ತಿದ್ದು ಒಣಗಿತು, ಬೆಳಕು ಮೊದಲಿನ ಮಂಕಿಗೆ ಇಳಿಯಿತು. ಅಂದರೆ ತಾವು ಹೇಳಿದ ಆ ‘ಒಂಚೂರು ಕರೆಂಟು’ ಗುಂಡಿಯನ್ನು ದಾಟಿ ಹೋಗುತ್ತಿದ್ದದ್ದು ಹುಳಿ ಕುಂಕುಮದ ಮೂಲಕ. ಹಳೆಯ ಬಲ್ಬುಗಳಿಗೆ ಅದು ಸಾಲದೆ ಅವು ಸುಮ್ಮನಿದ್ದವು. ತಾವು ಹಾಕಿದ ಬಲ್ಬುಗಳು ಅಸಲಿಯಾದ್ದರಿಂದ ಇದ್ದದ್ದನ್ನು ಇದ್ದ ಹಾಗೆ ತೋರಿಸಿದವು. ನಮ್ಮ ವೃತ್ತಿಯಲ್ಲಿ ಇಂಥವರಿಗೆ ಒಳ್ಳೆಯ ವರದಿಗಾರ ಎನ್ನುತ್ತೇವೆ. ನಾನು ಡೂಪ್ಲಿಕೇಟ್ ಎಂದೆ.

೮. ಪೂಜೆಯ ದಿನ ಅನುಮಾನ ಬಂದ ಕೂಡಲೇ ಗುಂಡಿಗಳನ್ನು ಶುಚಿ ಮಾಡಲು ಅನುಮತಿ ಕೇಳಿದೆ.

“ಅಮ್ಮ, ಆ ಗುಂಡಿಗೆ ಯಾಕೆ ಇಟ್ಟೆ?”

“ಬಾಗ್ಲು ಕಾಯೋದು ಅದೇ ತಾನೇ? ಅದಕ್ಕೆ ಬಿಟ್ಟು ಇನ್ಯಾರಿಗೆ ಇಡ್ಲಿ?”

“ಒರೆಸ್ಲಾ?”

“ಒರೆಸು, ನೋಡೋಣ.”

ಇದು ಅನುಮತಿಯಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಾಲ್ಕು ದಿನದ ಮಾತುಕತೆಯ ನಂತರ ಮಾಧವಿಯ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಯಿತು: ಕೆರೆದು ತೆಗೆದದ್ದನ್ನು ತುಳಸಿ ಕಟ್ಟೆಗೆ ಹಾಕತಕ್ಕದ್ದು, ಗುಂಡಿಯಿಂದ ಎರಡು ಅಂಗುಲ ದೂರದಲ್ಲಿ, ಬಣ್ಣ ಬಳಿದ ತಗಡಿನ ಮೇಲೆ, ಒಣ ಕುಂಕುಮ ಇಡತಕ್ಕದ್ದು.

ಅಕ್ಟೋಬರ್ ೫ರ ಭಾನುವಾರ ಕೆಲಸಕ್ಕೆ ಕೂತೆ. ಇಲ್ಲಿಯೂ ತಮ್ಮನ್ನು ಕರೆಯಬೇಕಿತ್ತು, ಕರೆಯಲಿಲ್ಲ. ಮೂರು ಗುಂಡಿಗಳು ಶುಚಿಯಾದವು, ಪ್ರತಿಯೊಂದಕ್ಕೂ ಬೆಳಕು ಒಂದಿಷ್ಟು ಇಳಿಯಿತು. ನಾಲ್ಕನೆಯದು ಅಮ್ಮನ ಬಾಗಿಲಿನದು. ಬ್ಲೇಡು ಜಾರಿ ರಬ್ಬರು ಹರಿಯಿತು. ಗುಂಡಿ ಹೊರಗೆ ಹಾರಿತು. ಸ್ಪ್ರಿಂಗು ಕುಂಕುಮದ ಬಟ್ಟಲಲ್ಲಿ ಸಿಕ್ಕಿತು. ಮಂಕು ಬೆಳಕು ಪೂರ್ತಿ ಹೋಯಿತು. ಆ ಬಾಗಿಲು ತೆರೆದರೆ ಹತ್ತಬೇಕಾದ ಬೆಳಕೂ ಹೋಯಿತು.

೯. ಅಕ್ಟೋಬರ್ ೭ರ ಸಂಜೆ ದೇವಸ್ಥಾನದ ಮುಂದೆ ಇಳಿಯುವಾಗ ಅಮ್ಮ ಕತ್ತಲಲ್ಲಿ ಕಾಲು ತಪ್ಪಿ ಸೀಟ್ ಬೆಲ್ಟು ಹಿಡಿದುಕೊಂಡರು. ಪೆಟ್ಟಾಗಲಿಲ್ಲ. ಅಂದಿನಿಂದ ಅವರು ಕಾರು ಹತ್ತಿಲ್ಲ, ದೇವಸ್ಥಾನಕ್ಕೂ ಹೋಗಿಲ್ಲ. ಮುಂದಿನ ಬಾಗಿಲು ತೆರೆದರೂ ದೀಪ ಹತ್ತುತ್ತದೆ, ನಾನು ಅದನ್ನು ತೆಗೆದು ಹಿಡಿದುಕೊಳ್ಳುತ್ತೇನೆ ಎಂದೆ.

“ನೀನು ಬಾಗ್ಲು ಹಿಡ್ಕೊಂಡು ನಿಂತ್ರೆ ನನ್ನ ಕೈ ಯಾರೋ ಹಿಡೀತಾರೆ?” ಎಂದರು.

ಬೇರೆ ಎಲೆಕ್ಟ್ರಿಷಿಯನ್ ಬಳಿ ಹೋಗೋಣ ಎಂದು ಮಾಧವಿ ಸೂಚಿಸಿದಳು. ಅದಕ್ಕೂ ಅಮ್ಮ ಒಪ್ಪಲಿಲ್ಲ. “ತಪ್ಪು ಮಾತಾಡಿದೋನು ಇವ್ನು. ಹೋಗಿ ಕರ್ಕೊಂಡ್ ಬರ್ಲಿ. ಶೀನ ಬಂದು ಸರಿ ಮಾಡೋವರ್ಗೂ ನಾನು ಆ ಗಾಡಿ ಹತ್ತಲ್ಲ” ಎಂದರು. ಬೇರೆಯವರ ಬಳಿ ಹೋಗಲು ನಾನೂ ಸಿದ್ಧನಿರಲಿಲ್ಲ ಎಂಬುದನ್ನು ಇಲ್ಲಿ ಸೇರಿಸುತ್ತೇನೆ. ಅದಕ್ಕೆ ಕಾರಣ ಅಮ್ಮನ ಮಾತಲ್ಲ.

೧೦. ಅಕ್ಟೋಬರ್ ೮ರಂದು ಫೋನು ಮಾಡಿ ಕ್ಷಮೆ ಕೇಳಿದೆ. ತಾವು, “ಬೈದಿದ್ದು ಬೀದೀಲಿ. ಸಾರಿ ಫೋನಲ್ಲಾ?” ಎಂದು ಕೇಳಿ ಇಟ್ಟುಬಿಟ್ಟಿರಿ. ಐದು ದಿನ ಈ ಪ್ರಶ್ನೆಗೆ ಉತ್ತರ ಹುಡುಕಿದೆ. ಪತ್ರಿಕೆಯಲ್ಲಿ ತಪ್ಪು ಸುದ್ದಿ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ಅದರ ತಿದ್ದುಪಡಿ ಒಳಪುಟದಲ್ಲಿ, ಟೆಂಡರ್ ಜಾಹೀರಾತಿನ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಅಂಥ ತಿದ್ದುಪಡಿಗಳನ್ನು ನಾನೇ ನೂರಾರು ಬರೆದಿದ್ದೇನೆ. ಹೆಸರು ಕಳೆದುಕೊಂಡವರು ಅದನ್ನು ಓದಿ ಏನೆಂದುಕೊಳ್ಳುತ್ತಿದ್ದರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ತಮ್ಮ ಮಾತನ್ನು ಒಪ್ಪಿಕೊಳ್ಳುತ್ತೇನೆ: ಬೀದಿಯಲ್ಲಿ ಬೈದದ್ದಕ್ಕೆ ಕ್ಷಮೆಯೂ ಬೀದಿಯಲ್ಲೇ.

೧೧. ಅದರಂತೆ ಕೆಳಗಿನ ತಿದ್ದುಪಡಿಯನ್ನು ಅದೇ ಸ್ಥಳದಲ್ಲಿ, ಅದೇ ಹನ್ನೊಂದೂಕಾಲಿಗೆ, ಅಷ್ಟೇ ಗಟ್ಟಿ ದನಿಯಲ್ಲಿ ಓದಲು ಸಿದ್ಧನಿದ್ದೇನೆ:

“ಸೆಪ್ಟೆಂಬರ್ ೯ರಂದು ನಾನು ಶೀನಣ್ಣನವರು ಡೂಪ್ಲಿಕೇಟ್ ಬಲ್ಬು ಹಾಕಿದರೆಂದು ಹೇಳಿದ್ದು ಸುಳ್ಳು. ಬಲ್ಬು ಅಸಲಿ. ಅವರು ಅಂದೇ ಸರಿಯಾದ ಕಾರಣ ಹೇಳಿದ್ದರು. ನಾನು ಕೇಳಲಿಲ್ಲ. ತಪ್ಪು ನನ್ನ ಮನೆಯದು, ಮಾತು ನನ್ನದು.”

ಸಾಕ್ಷಿಗಳನ್ನು ಸೇರಿಸುವ ಕೆಲಸ ನಡೆದಿದೆ. ಮಂಗಳವಾರವೇ ಆಗಲಿ ಎಂದುಕೊಂಡಿದ್ದೆ. “ದೀಪಾವಳಿ ಅಮಾಸೆ ದಿನ ಇಂಥದ್ದೆಲ್ಲ ಬ್ಯಾಡ ಸ್ವಾಮಿ, ಗುರುವಾರ ಇಟ್ಕೊಳ್ಳಿ, ಯಾಪಾರಾನೂ ಕಮ್ಮಿ ಇರತ್ತೆ” ಎಂದು ಲಕ್ಕಮ್ಮನವರು ಹೇಳಿದ್ದರಿಂದ ೨೩-೧೦-೨೦೨೫ ನಿಗದಿಯಾಗಿದೆ. ಆಟೋ ಚಾಲಕರ ಪೈಕಿ ಆಂಜಿನಯ್ಯನವರು ಬರುತ್ತಾರೆ. ಇನ್ನೊಬ್ಬರು ಊರಿಗೆ ಹೋಗಿರುವುದರಿಂದ ಅವರ ಪರವಾಗಿಯೂ ಸೇರಿಸಿ ಎರಡು ಸಲ ಕೇಳಿಸಿಕೊಳ್ಳುವುದಾಗಿ ಆಂಜಿನಯ್ಯನವರು ಒಪ್ಪಿದ್ದಾರೆ. ಅಕ್ಕಿಪೇಟೆಯ ನಿಲ್ದಾಣಕ್ಕೆ ಸುದ್ದಿ ಮುಟ್ಟಿಸುವ ಹೊಣೆಯೂ ಅವರದೇ.

ಸತೀಶ್ ಅವರನ್ನು ಹುಡುಕಲು ಎರಡು ದಿನ ಹಿಡಿಯಿತು. ಹನುಮಂತನಗರದಲ್ಲಿ ಸಿಕ್ಕರು. ಬೇರೆಲ್ಲೋ ಎಲ್‌ಇಡಿ ಹಾಕಿಸಿಕೊಂಡಿದ್ದರು. ನಾನು ವಿಷಯ ಹೇಳಿ ಮುಗಿಸುವ ಮೊದಲೇ, “ಸಾರ್, ನಂದೂ ಆಫ್ ಮಾಡಿದ್ಮೇಲೆ ಉರೀತಾನೇ ಇದೆ, ಯಾಕ್ ಸಾರ್?” ಎಂದರು. ಕಾರಣ ನನಗೆ ಗೊತ್ತಿಲ್ಲ ಎಂದೆ. ಊಹೆ ಇತ್ತು, ಹೇಳಲಿಲ್ಲ. ಗುರುವಾರ ಅವರೂ ಗಾಡಿ ತರುತ್ತಾರೆ. ಒಂದಿಡೀ ದಿನ ಬಿಟ್ಟುಹೋಗಲು ಒಪ್ಪಿದ್ದಾರೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ನನ್ನ ಅಮಾನತನ್ನು ರದ್ದುಪಡಿಸಿ ಗಿರಾಕಿಯಾಗಿ ಮರುಸೇರ್ಪಡೆ ಮಾಡಿಕೊಳ್ಳಬೇಕೆಂದೂ, ಹಿಂದಿನ ಎಡಬಾಗಿಲಿನ ಗುಂಡಿಯನ್ನು ತಮ್ಮ ಕೈಯಿಂದಲೇ ಕೂರಿಸಿಕೊಡಬೇಕೆಂದೂ ಕೋರುತ್ತೇನೆ. ಹದಿನಾರು ವರ್ಷದ ಹಿರಿತನವನ್ನು ಪರಿಗಣಿಸಬೇಕೆಂದು ನಾನು ಕೇಳುವುದಿಲ್ಲ. ಸಾಲಿನ ಕೊನೆಯಲ್ಲಿ ನಿಲ್ಲಿಸಿದರೂ ನಿಲ್ಲುತ್ತೇನೆ.

ಸದ್ಯಕ್ಕೆ ತಮ್ಮ ವಿಶ್ವಾಸ ಕಳೆದುಕೊಂಡಿರುವ,
ತಮ್ಮ ವಿಶ್ವಾಸಿ,
ಜಿ. ವೆಂಕಟಾಚಲ

ಸ್ಥಳ: ಬಸವನಗುಡಿ
ದಿನಾಂಕ: ೧೭-೧೦-೨೦೨೫

ಲಗತ್ತುಗಳು:
೧. ಮಂಕು ಬೆಳಕಿನ ವೀಕ್ಷಣಾ ಪಟ್ಟಿ, ಹತ್ತು ದಿನಗಳದು. (ಈಗ ಯಾವ ಉಪಯೋಗವೂ ಇಲ್ಲ. ಆದರೂ ಮಾಡಿದ್ದೇನೆ.)
೨. ಸೆಪ್ಟೆಂಬರ್ ೩ರ ಡೈರಿ ಪುಟದ ನಕಲು, ತಮ್ಮ ಮಾತಿನ ಕೆಳಗೆ ಗೆರೆ ಎಳೆದದ್ದು.
೩. ಬಾಗಿಲಿನ ಗುಂಡಿ ಒಂದು, ಸ್ಪ್ರಿಂಗು ಒಂದು, ಹರಿದ ರಬ್ಬರು ಎರಡು ತುಂಡು, ಲಕೋಟೆಯಲ್ಲಿ. ಸ್ಪ್ರಿಂಗಿನ ಕುಂಕುಮ ತೊಳೆಯಲು ಅಮ್ಮ ಬಿಟ್ಟಿಲ್ಲ.
೪. ಅಮ್ಮ ಕೊಟ್ಟು ಕಳಿಸಿದ ಚಕ್ಕುಲಿ, ಒಂದು ಡಬ್ಬಿ. ಇದಕ್ಕೂ ಅರ್ಜಿಗೂ ಸಂಬಂಧವಿಲ್ಲ ಎಂದು ತಿಳಿಸಲು ಹೇಳಿದ್ದಾರೆ.

ವಿಶೇಷ ಕೋರಿಕೆ: ಒಂದು ವೇಳೆ ಈ ಅರ್ಜಿಯನ್ನು ತಿರಸ್ಕರಿಸುವುದಾದರೆ ದಯವಿಟ್ಟು ಬರಹದಲ್ಲಿ ತಿರಸ್ಕರಿಸಬಾರದು. ಗುರುವಾರ ಎಲ್ಲರ ಎದುರು ನನ್ನನ್ನು ನಿಲ್ಲಿಸಿಕೊಂಡು, ಬಾಯಿಬಿಟ್ಟು, ತಮಗೆ ತೃಪ್ತಿಯಾಗುವಷ್ಟು ಹೊತ್ತು ಬೈದು ತಿರಸ್ಕರಿಸಬೇಕು. ನಾನು ನಡುವೆ ಮಾತಾಡುವುದಿಲ್ಲ. ಕಾರಿನ ಹಿಂದಿನ ಎಡಬಾಗಿಲನ್ನು ತೆರೆದಿಟ್ಟುಕೊಂಡು ಪಕ್ಕದಲ್ಲಿ ನಿಂತಿರುತ್ತೇನೆ. ಬೈಯುತ್ತಿರುವಾಗ ತಮ್ಮ ಕೈ ತಾನಾಗಿಯೇ ಸ್ಕ್ರೂಡ್ರೈವರಿನ ಕಡೆ ಹೋದರೆ, ಅದನ್ನು ಮಂಜೂರಾತಿ ಎಂದು ಪರಿಗಣಿಸಲು ಅನುಮತಿ ನೀಡಬೇಕಾಗಿ ವಿನಂತಿ.